ಉಪ್ಪಿನೂರಿನ ನಿಂತಾಕಿ

ಕೊಟ್ಟೂರಿನಲ್ಲಿ ಸೀರೆಗೆ ಕುಚ್ಚು ಹಾಕಿಸಬೇಕಾದವರು ಗಿರಣಿ ಮರುಳಪ್ಪನ ಮನೆ ಎಲ್ಲಿ ಎಂದು ಕೇಳಿಕೊಂಡು ಬರುತ್ತಾರೆ. ಮರುಳಪ್ಪನಿಗೂ ಕುಚ್ಚಿಗೂ ಯಾವ ಸಂಬಂಧವೂ ಇಲ್ಲ. ಅವನು ಜೋಳ ಬೀಸಿ ಮೈಯೆಲ್ಲ ಹಿಟ್ಟು ಮಾಡಿಕೊಂಡು ಓಡಾಡುವ ಮನುಷ್ಯ. ಕುಚ್ಚು ಹಾಕುವವಳು ಅವನ ಹಿರಿಮಗಳು ಸುಕನ್ಯಾ. ಪಡಸಾಲೆಯ ಕಿಟಕಿಯ ಬುಡದಲ್ಲಿ, ಬಿಸಿಲು ನೆಟ್ಟಗೆ ತೊಡೆಯ ಮೇಲೆ ಬೀಳುವ ಹಾಗೆ ಕೂತು, ಸೆರಗಿನ ಎಳೆಗಳನ್ನು ಬೆರಳಲ್ಲೇ ಬೇರೆ ಮಾಡಿ ಗಂಟು ಹಾಕುತ್ತ ಹೋಗುತ್ತಾಳೆ. ಬಂದ ಹೆಂಗಸರು, ಎಂಥ ಕೈಚಳಕ, ನೋಡುವುದೂ ಬೇಕಿಲ್ಲವಲ್ಲ ಎಂದು ಹೊಗಳುತ್ತಾರೆ. ನೋಡಲು ಆಗುವುದಿಲ್ಲ ಎಂಬುದು ಅವರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಎದುರಿಗೆ ಕೂತವರ ಮುಖವೊಂದು ಕಾಣುತ್ತದೆ. ಅದರ ಆಚೆ ಈಚೆ ಏನೂ ಇಲ್ಲ. ಹೊತ್ತು ಮುಳುಗಿದರೆ ಆ ಮುಖವೂ ಇಲ್ಲ.

ಅವಳು ಬಿಡುವಾದಾಗ ಪಕ್ಕದ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ದೆವ್ವದ ಆಟ ಆಡುತ್ತಾಳೆ ಎಂಬುದಂತೂ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ನಗುತ್ತಾರೆ. ಮದುವೆಯಾಗದೆ ಮನೆಯಲ್ಲಿ ಉಳಿದ ಹೆಣ್ಣು ಹಗಲು ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ದೆವ್ವದ ಊರಲ್ಲಿ ತಿರುಗುತ್ತಾಳೆಂದರೆ ಯಾರು ತಾನೆ ನಗುವುದಿಲ್ಲ? ಆದರೆ ಈ ಮನೆಯಲ್ಲಿ ಕೆಟ್ಟದ್ದೆಲ್ಲ ಆ ಆಟದಿಂದಲೇ ಬಯಲಾಯಿತು. ಅದನ್ನು ಬಿಟ್ಟು ಸುಕನ್ಯಾಳ ಕತೆ ಹೇಳಲು ಬರುವುದಿಲ್ಲ.

ಮನೆಯ ಸಂಬಂಧಗಳನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮರುಳಪ್ಪ ಮದುವೆಯಾದದ್ದು ತನ್ನ ಸ್ವಂತ ಅಕ್ಕ ನಾಗಲಿಂಗಮ್ಮನ ಮಗಳು ಕೊಟ್ರಮ್ಮನನ್ನು. ಹಾಗಾಗಿ ಕೂಡ್ಲಿಗಿಯ ನಾಗಲಿಂಗಮ್ಮ ಸುಕನ್ಯಾಗೆ ಅವ್ವನ ಕಡೆಯಿಂದ ಅಜ್ಜಿ, ಅಪ್ಪನ ಕಡೆಯಿಂದ ಸೋದರತ್ತೆ. ಚಿಕ್ಕವರಿದ್ದಾಗ ಸುಕನ್ಯಾ ಅಜ್ಜಿ ಎಂದು, ತಂಗಿ ಭಾಗ್ಯ ಅತ್ತೆ ಎಂದು ಕರೆದು ಮುದುಕಿಯನ್ನು ಸತಾಯಿಸುತ್ತಿದ್ದರು. ಮುದುಕಿಗೆ ಅದರಿಂದ ಖುಷಿಯೇ. ಗೊತ್ತಿಲ್ಲದ ಮನೆಗೆ ಹೆಣ್ಣು ಕೊಟ್ಟು, ಅವರ ರಕ್ತದಲ್ಲಿ ಏನೇನು ರೋಗವಿದೆಯೋ ಎಂದು ಹೆದರುತ್ತ ಕೂರುವುದಕ್ಕಿಂತ ನಮ್ಮ ನಮ್ಮಲ್ಲೇ ಕೊಟ್ಟು ತರುವುದು ವಾಸಿ ಎಂಬುದು ಅವಳ ಹಟ. ಆ ಹಟದ ಪ್ರಕಾರ ಸುಕನ್ಯಾ ತೊಟ್ಟಿಲಲ್ಲಿದ್ದಾಗಲೇ ಅವಳ ಗಂಡ ಯಾರೆಂದು ಗೊತ್ತಾಗಿತ್ತು. ನಾಗಲಿಂಗಮ್ಮನ ಕಿರಿಮಗ, ಕೊಟ್ರಮ್ಮನ ತಮ್ಮ ಶಿವಶಂಕರ. ಹುಡುಗಿಯರಿಬ್ಬರಿಗೂ ಅವನು ಮಾವ.

ಸುಕನ್ಯಾ ಚಿಕ್ಕಂದಿನಿಂದ ಅಂಜುಬುರುಕಿ ಎಂದೇ ಹೆಸರಾದವಳು. ಸಂಜೆಯಾದರೆ ಹೊಸ್ತಿಲು ದಾಟುತ್ತಿರಲಿಲ್ಲ. ಕರೆಂಟು ಹೋದರೆ ಇದ್ದಲ್ಲೇ ಕೂತುಬಿಡುತ್ತಿದ್ದಳು. ಭಾಗ್ಯ ಕತ್ತಲಲ್ಲೇ ಹಿತ್ತಲಿಗೆ ಹೋಗಿ ಬರುವಳು, ಇವಳಿಗೆ ಅವ್ವನ ಸೆರಗು ಬೇಕು. ಹೆಣ್ಣು ಹುಡುಗಿ, ಅಂಜಿಕೆ ಇದ್ದರೆ ಒಳ್ಳೆಯದೇ ಎಂದು ಮನೆಯವರು ಅದನ್ನು ಒಂದು ಗುಣವೆಂದೇ ಎಣಿಸಿದರು. ಅವಳೂ ಹಾಗೇ ತಿಳಿದಿದ್ದಳು. ಕತ್ತಲೆಯೆಂದರೆ ಎಲ್ಲರಿಗೂ ಇದೇ ಗೋಡೆ, ಉಳಿದವರು ಧೈರ್ಯ ಮಾಡಿ ನುಗ್ಗುತ್ತಾರೆ, ತನಗೆ ಆ ಧೈರ್ಯವಿಲ್ಲ, ಅಷ್ಟೇ.

ಕೊರೊನಾ ಬಂದು ಎಲ್ಲ ಮುಚ್ಚಿದ ವರ್ಷ ಭಾಗ್ಯಳ ಕಾಲೇಜಿನ ಪಾಠ ಮೊಬೈಲಿಗೆ ಬಂತು. ಶಿವಶಂಕರ ಕೂಡ್ಲಿಗಿಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದ. ಬಳ್ಳಾರಿಯ ಹಾಸ್ಟೆಲಿನಲ್ಲಿದ್ದಾಗ ಅವನೇ ಜೋಡಿಸಿಕೊಂಡ ಒಂದು ಕಂಪ್ಯೂಟರಿತ್ತು. ಅದನ್ನು ಕೌದಿಯಲ್ಲಿ ಸುತ್ತಿ ಬೈಕಿಗೆ ಕಟ್ಟಿಕೊಂಡು ಕೊಟ್ಟೂರಿಗೆ ತಂದ. ಪಾಠಕ್ಕೆಂದು ಹೇಳಿದ. ಅದರೊಳಗೆ ಆಟವೊಂದನ್ನು ಹಾಕಿ ತಂದದ್ದು ಸುಕನ್ಯಾಗೆಂದು. ಮದುವೆಯಾಗುವ ಹುಡುಗಿಗೆ ಗಂಡಸರು ಸೀರೆ ತರುತ್ತಾರೆ, ವಾಚು ತರುತ್ತಾರೆ. ಇವನು ದೆವ್ವ ತಂದ. ಹಾಸ್ಟೆಲಿನಲ್ಲಿ ತಾನು ಆ ಆಟ ಆಡುತ್ತ ಹೆದರಿ ಕೂಗಿಕೊಂಡದ್ದನ್ನು ಹೇಳಿ, ಅಂಜುಬುರುಕಿಯನ್ನು ಸ್ವಲ್ಪ ಆಡಿಸೋಣ ಎಂಬುದು ಅವನ ಇರಾದೆ.

ಆಟಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು, ಮೂರು ಭಾಗಗಳಿದ್ದವು. ಅಕ್ಕ ತಂಗಿ ಅದನ್ನು ಉಪ್ಪಿನೂರು ಎಂದು ಕರೆದರು. ಸಮುದ್ರದ ದಂಡೆಯಲ್ಲಿ ಉಪ್ಪು ಬೆಳೆಯುವ ಒಂದು ಊರು, ಜನ ಬಿಟ್ಟುಹೋಗಿದ್ದಾರೆ. ಕಾಣೆಯಾದ ಅಪ್ಪನನ್ನು ಹುಡುಕಿಕೊಂಡು ಒಬ್ಬ ಹುಡುಗಿ ಒಂದು ಲಾಟೀನು ಹಿಡಿದು ಆ ಊರಿಗೆ ಬರುತ್ತಾಳೆ. ಆಡುವವರು ಅವಳನ್ನು ನಡೆಸಬೇಕು. ಕೈಯಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ. ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಬರೀ ನಡೆಯುವುದು, ನೋಡುವುದು, ಕೇಳುವುದು. ಸಿಹಿನೀರಿನ ಬಾವಿ ಸಿಕ್ಕಿದಾಗ ಹಗ್ಗ ಬಿಟ್ಟು ಒಂದು ಕೊಡ ನೀರು ಸೇದಿದರೆ ಅಲ್ಲಿಯವರೆಗಿನ ಆಟ ಉಳಿಯುತ್ತದೆ. ಇಲ್ಲದಿದ್ದರೆ ಸತ್ತಾಗ ಹಿಂದಿನ ಬಾವಿಯಿಂದ ಮತ್ತೆ ಶುರು. ಸಿಹಿನೀರಿಗೆ ಕೊಡ ಹಿಡಿದು ಅಲೆಯುವ ಕೊಟ್ಟೂರಿನ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮೊದಲ ದಿನವೇ ಸುಕನ್ಯಾ ಆ ಊರಿಗೆ ಸೋತಳು. ಕಾಲ ಕೆಳಗೆ ಉಪ್ಪು ಕರಕರ ಎನ್ನುವ ಸದ್ದು, ಎಲ್ಲೋ ಒಂದು ಗಾಳಿಯಂತ್ರ ಕಿರ್ರೆಂದು ತಿರುಗುವ ಸದ್ದು. ಮನೆಗಳ ಒಳಗೆ ಊಟಕ್ಕೆ ಹಾಕಿದ ತಟ್ಟೆಗಳು ಹಾಗೇ ಇವೆ, ಮೇಲೆ ಉಪ್ಪು ಹೆಪ್ಪುಗಟ್ಟಿದೆ. ಒಂದು ಮನೆಯಲ್ಲಿ ತೊಟ್ಟಿಲು. ಅದರಲ್ಲಿ ಮಗು ಇಲ್ಲ, ಮಗುವಿನ ಗುಳಿ ಮಾತ್ರ ಹಾಸಿಗೆಯಲ್ಲಿ ಉಳಿದಿದೆ. ಇಲ್ಲಿ ಏನಾಯಿತು ಎಂದು ಯಾರೂ ಹೇಳುವುದಿಲ್ಲ. ಸಾಮಾನುಗಳನ್ನು ನೋಡಿ ತಾನೇ ತಿಳಿಯಬೇಕು. ಜೋಳ ಕೇರುತ್ತಿದ್ದ ಕೊಟ್ರಮ್ಮ ಮೊರ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು, ಪಾಪ ಯಾರ ಮಕ್ಕಳೋ ಏನೋ ಎಂದು ನಿಟ್ಟುಸಿರು ಬಿಟ್ಟು ಹೋದಳು. ಸುಕನ್ಯಾಗೆ ಬಾಯಲ್ಲಿ ಉಪ್ಪು ಉಪ್ಪಾದಂತೆ ಆಗಿ ಊಟ ಸೇರಲಿಲ್ಲ.

ಆ ಆಟದಲ್ಲಿ ಒಂದು ದೆವ್ವವಿದೆ. ಉದ್ದ ಕೂದಲು ಬಿಟ್ಟುಕೊಂಡ ಹೆಂಗಸು. ಅಟ್ಟಿಸಿಕೊಂಡು ಬರುವುದಿಲ್ಲ, ಕೂಗುವುದಿಲ್ಲ. ಕತ್ತಲ ಮೂಲೆಯಲ್ಲಿ, ಓಣಿಯ ಕೊನೆಯಲ್ಲಿ, ಸುಮ್ಮನೆ ನಿಂತಿರುತ್ತದೆ. ಭಾಗ್ಯ ಅದಕ್ಕೆ ನಿಂತಾಕಿ ಎಂದು ಹೆಸರಿಟ್ಟಳು. ನಿಂತಾಕಿ ಕಂಡರೆ ಸಾಕು, ಭಾಗ್ಯ ಕಿಟಾರನೆ ಕಿರುಚಿ ಮೌಸು ಬಿಟ್ಟು ಓಡುತ್ತಿದ್ದಳು. ಶಿವಶಂಕರ ಗಂಡಸು, ಕಿರುಚುವ ಹಾಗಿಲ್ಲ. ಆದರೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ. ಸುಕನ್ಯಾ ಮಾತ್ರ ಎಂಥ ಓಣಿಯಲ್ಲೂ ಸರಸರ ನಡೆದುಬಿಡುತ್ತಿದ್ದಳು. ಅಂಜುಬುರುಕಿ ಎಂದುಕೊಂಡಿದ್ದವಳು ಇವಳೇನಾ ಎಂದು ಎಲ್ಲರಿಗೂ ಬೆರಗು. ಅವಳಿಗೂ ಹಿಗ್ಗು. ಜೀವಮಾನದಲ್ಲಿ ಮೊದಲ ಸಲ ಅವಳನ್ನು ಯಾರೋ ಧೈರ್ಯವಂತೆ ಎಂದಿದ್ದರು, ಹಾಗೆಂದವನು ಶಿವಶಂಕರ.

ಆದರೆ ಒಂದೇ ತೊಂದರೆ. ಸುಕನ್ಯಾ ಬಹಳ ಸಾಯುತ್ತಿದ್ದಳು. ಓಣಿಯ ಕೊನೆಗೆ ಹೋಗುವಷ್ಟರಲ್ಲಿ ಕಾಲ ಕೆಳಗಿನ ಉಪ್ಪಿನ ಹೆಪ್ಪು ಒಡೆದು ಹುಡುಗಿ ಕೆಳಗಿನ ಉಪ್ಪುನೀರಿಗೆ ಬೀಳುವಳು. ಮತ್ತೆ ಹಿಂದಿನ ಬಾವಿ. ಭಾಗ್ಯ ಅಷ್ಟು ಬೀಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೂವರೂ ಕೋಣೆಯಲ್ಲಿದ್ದರು. ಸುಕನ್ಯಾ ಆಡುತ್ತಿದ್ದಳು. ಬಿದ್ದಳು. ಮತ್ತೆ ಅಲ್ಲೇ ಬಂದು ಮತ್ತೆ ಬಿದ್ದಳು. ಶಿವಶಂಕರ ನಗುತ್ತ, "ಲೇ ಸುಕನ್ಯಾ, ಆಕಿ ನಿಂತಿದ್ರೂ ಮೈಮ್ಯಾಗ ಹೋಗ್ತೀಯಲ್ಲ, ನಿನಗೇನು ಸ್ವಲ್ಪನೂ ಅಂಜಿಕಿ ಇಲ್ಲೇನು?" ಎಂದ.

"ಯಾರು ನಿಂತಾರ?"

"ನಿಂತಾಕಿ. ಓಣಿ ಕಡೀಗೆ."

ಸುಕನ್ಯಾ ಪರದೆಗೆ ಮುಖ ಹಚ್ಚಿ ನೋಡಿದಳು. ಲಾಟೀನಿನ ಸುತ್ತ ಒಂದಿಷ್ಟು ಬೆಳಕು. ಆಮೇಲೆ ಕಪ್ಪು. ಅವರು ಆಟ ಆಡಿಸುತ್ತಿದ್ದಾರೆ ಎಂದುಕೊಂಡು ಅವಳೂ ನಕ್ಕಳು. ಶಿವಶಂಕರ ಪರದೆಯ ಮೇಲೆ ಬೆರಳಿಟ್ಟು, ಇದು ತಲೆ, ಇದು ಕೂದಲು, ಇದು ಕೈ ಎಂದು ತೋರಿಸಿದ. ಅವಳಿಗೆ ಅವನ ಬೆರಳು ಮಾತ್ರ ಕಂಡಿತು. ಅವನು ಏನೋ ಹೊಳೆದವನ ಹಾಗೆ ಪರದೆಯ ಬ್ರೈಟ್‌ನೆಸ್ ಒಂದು ಗೆರೆ ಏರಿಸಿ, ಈಗ ಎಂದು ಕೇಳಿದ. ಇಲ್ಲ. ಇನ್ನೊಂದು ಗೆರೆ. ಇಲ್ಲ. ಭಾಗ್ಯಳ ನಗು ನಿಂತಿತ್ತು. ಪರದೆಯ ಕಪ್ಪೆಲ್ಲ ಬೂದಿಯ ಬಣ್ಣಕ್ಕೆ ತಿರುಗಿ, ಗೋಡೆಗಳೆಲ್ಲ ಬೆಳ್ಳಗಾಗಿ, ಆಟ ಆಟದ ಹಾಗೇ ಇಲ್ಲ ಎನ್ನುವ ಹೊತ್ತಿಗೆ ಸುಕನ್ಯಾ ಮೆಲ್ಲಗೆ, "ಹಾಂ, ಅಲ್ಲಿ ಅದಾಳ" ಎಂದಳು.

ಆಗ ಅವಳಿಗೆ ನಿಜವಾಗಿ ಭಯವಾಯಿತು. ದೆವ್ವ ಕಂಡದ್ದಕ್ಕಲ್ಲ. ಇಷ್ಟು ದಿನ ಎಲ್ಲ ಓಣಿಗಳಲ್ಲೂ ಒಬ್ಬಳು ನಿಂತಿದ್ದಳು, ಎಲ್ಲರಿಗೂ ಕಾಣುತ್ತಿದ್ದಳು, ತಾನೊಬ್ಬಳೇ ಏನೂ ಇಲ್ಲವೆಂದು ನಡೆದಿದ್ದೆ ಎಂಬುದಕ್ಕೆ. ಹಿತ್ತಲು, ಅಂಗಳ, ಕರೆಂಟು ಹೋದ ಅಡುಗೆಮನೆ ಎಲ್ಲ ಒಟ್ಟಿಗೆ ನೆನಪಾದವು. ಅವು ಉಳಿದವರಿಗೆ ಗೋಡೆಯಾಗಿರಲಿಲ್ಲ.

ದಾವಣಗೆರೆಯ ಕಣ್ಣಿನ ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋದವನೂ ಶಿವಶಂಕರನೇ, ಜೊತೆಗೆ ಕೊಟ್ರಮ್ಮ. ಡಾಕ್ಟರು ಹೆಣ್ಣುಮಗಳು, ಸಮಾಧಾನದವಳು. ಕಣ್ಣಿನ ಒಳಪದರ ಒಣಗುತ್ತ ಬರುವ ರೋಗ, ಮೊದಲು ಕತ್ತಲು ಕಾಣುವುದಿಲ್ಲ, ಆಮೇಲೆ ಅಂಚಿನಿಂದ ಮುಚ್ಚುತ್ತ ಬಂದು ಕೊನೆಗೆ ನಡುವಿನದೂ ಹೋಗಬಹುದು, ಸದ್ಯಕ್ಕೆ ಔಷಧವಿಲ್ಲ ಎಂದಳು. ತಂದೆತಾಯಿ ಸಂಬಂಧಿಕರೇ ಎಂದು ಕೇಳಿದಳು. ಕೊಟ್ರಮ್ಮ ಸಂಕೋಚವಿಲ್ಲದೆ, ನನ್ನ ಅವ್ವನ ತಮ್ಮನನ್ನೇ ಆಗಿದ್ದೇನೆ ಎಂದಳು. ಆಗ ಡಾಕ್ಟರು, ಈ ಮನೆತನದಲ್ಲಿ ಕಣ್ಣು ಚೆನ್ನಾಗಿದ್ದವರ ರಕ್ತದಲ್ಲೂ ಇದು ಅಡಗಿ ಕೂತಿರುತ್ತದೆ, ಅಂಥವರಿಬ್ಬರು ಸೇರಿದರೆ ಮಗುವಿನಲ್ಲಿ ಎದ್ದು ನಿಲ್ಲುತ್ತದೆ, ಇನ್ನು ಮುಂದೆ ಒಳಗೊಳಗೇ ಮದುವೆ ಮಾಡಬೇಡಿ, ಮಾಡುವುದೇ ಆದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಂದು ಬಿಡಿಸಿ ಹೇಳಿದಳು. ಮೂವರೂ ತಲೆಯಾಡಿಸಿದರು.

ವಾಪಸು ಬರುವಾಗ ಬಸ್ಸು ಹರಪನಹಳ್ಳಿ ದಾಟುವ ಹೊತ್ತಿಗೆ ಬೆಳಕು ಹೋಯಿತು. ಕೊಟ್ಟೂರಿನಲ್ಲಿ ಇಳಿಯುವಾಗ ಸುಕನ್ಯಾ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೈ ಮುಂದೆ ಚಾಚಿದಳು. ಕೆಳಗೆ ಶಿವಶಂಕರ ನಿಂತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವನ ಸೋಪಿನ ವಾಸನೆ ಬರುತ್ತಿತ್ತು. ಕೈ ಗಾಳಿಯಲ್ಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅವನ ದನಿ ಕೇಳಿತು: "ಅಕ್ಕಾ, ಆಕಿ ಕೈ ಹಿಡ್ಕೋ."

ಕೊಟ್ರಮ್ಮ ಬಂದು ಹಿಡಿದಳು. ಮದುವೆ ಮುರಿದದ್ದು ಆ ಮೆಟ್ಟಿಲ ಮೇಲೆಯೇ. ಉಳಿದ ಮಾತುಕತೆಯೆಲ್ಲ ಲೋಕಾರೂಢಿಗೆ ನಡೆದದ್ದು. ಅವನನ್ನು ಕೆಟ್ಟವನೆನ್ನಲು ಬಾಯಿ ಬರುವುದಿಲ್ಲ. ಪುಕ್ಕಲ, ಅಷ್ಟೇ. ಮುಂದಿನ ಸಲ ಬಂದಾಗ ಆಟದ ಎರಡನೆಯ, ಮೂರನೆಯ ಭಾಗಗಳನ್ನು ಪೆನ್‌ಡ್ರೈವಿನಲ್ಲಿ ತಂದು ಮೇಜಿನ ಮೇಲಿಟ್ಟು, ಅವಳ ಮುಖ ನೋಡದೆ ಹೋದ.

ಒಂದು ವರ್ಷ ಕಳೆದು ನಾಗಲಿಂಗಮ್ಮ ಕೂಡ್ಲಿಗಿಯಿಂದ ಮಗನನ್ನೂ ಕರೆದುಕೊಂಡು ಬಂದು ಭಾಗ್ಯಳನ್ನು ಕೇಳಿದಳು. ಹಿರಿಯವಳ ಕಣ್ಣು ಹೀಗಾಯಿತು, ಕಿರಿಯವಳನ್ನಾದರೂ ನನ್ನ ಮನೆ ತುಂಬಿಸಿಕೊಡಿ, ಹೊರಗಿನವರು ಬಂದು ಈ ಸುದ್ದಿ ಕೆದಕಿದರೆ ಇವಳಿಗೂ ಗಂಡು ಸಿಗುವುದಿಲ್ಲ ಎಂದಳು. ಮರುಳಪ್ಪ ಅಕ್ಕನ ಮಾತಿಗೆ ಎದುರಾಡಿದ ಮನುಷ್ಯನೇ ಅಲ್ಲ. ಸುಕನ್ಯಾ ಮಾತ್ರ ಡಾಕ್ಟರು ಹೇಳಿದ್ದನ್ನು ಎತ್ತಿದಳು. ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಬೇಕಾದ್ದು ಮಾಡಿ ಎಂದಳು. ಕಣ್ಣಿನ ಕುಂದಿಗೆ ರಕ್ತ ಯಾಕೆ ಕೊಡಬೇಕು ಎಂದು ಅಪ್ಪ ಗೊಣಗಿದ. ಪರೀಕ್ಷೆ ತಾನೆ, ನಾನೇ ಮಾಡುತ್ತೇನೆ ಎಂದು ನಾಗಲಿಂಗಮ್ಮ ಎದ್ದಳು.

ಹೆಣ್ಣು ನೋಡಲು ಹೋದಾಗ ಅಕ್ಕಿಯಲ್ಲಿ ಕಲ್ಲು ಆರಿಸಲು ಕೊಟ್ಟು ಹುಡುಗಿಯ ಕಣ್ಣು ಪರೀಕ್ಷಿಸುತ್ತಿದ್ದ ಕಾಲದವಳು ಅವಳು. ಅದನ್ನೇ ಸ್ವಲ್ಪ ತಿದ್ದಿಕೊಂಡಳು. ಮನೆಯ ಹಿಂದೆ ಜೋಳದ ಚೀಲ ಇಡುವ ಕೋಣೆಗೆ ಕಿಟಕಿಯಿಲ್ಲ. ಹಗಲೇ ಅದರ ಬಾಗಿಲು ಹಾಕಿ, ಎಲೆಚೀಲದಿಂದ ಹಿಡಿ ಅಡಿಕೆ ಚೂರು ತೆಗೆದು ಕತ್ತಲ ನೆಲದ ಮೇಲೆ ಚೆಲ್ಲಿದಳು. ಮೊದಲು ಭಾಗ್ಯ, ಆಮೇಲೆ ಶಿವಶಂಕರ. ಬಾಗಿಲ ಸಂದಿನ ಬೆಳಕೇ ಅವರಿಗೆ ಸಾಕಾಯಿತು. ಇಬ್ಬರೂ ಒಂದು ಚೂರೂ ಬಿಡದೆ ಆರಿಸಿಕೊಂಡು ಬಂದರು. ಮುದುಕಿ ಅದನ್ನು ಅಂಗೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿ ಬಾಯಿಗೆ ಹಾಕಿಕೊಂಡಳು. ಮನೆ ತುಂಬ ನಗು. ಮರುಳಪ್ಪನ ಮುಖದಲ್ಲಿ ಬಹಳ ದಿನಗಳ ನಂತರ ಗೆಲುವು ಕಂಡಿತು. ಡಾಕ್ಟರು ಹೇಳಿದ್ದಕ್ಕೂ ಈ ಅಡಿಕೆಗೂ ಸಂಬಂಧವೇ ಇಲ್ಲವೆಂದು, ಇಬ್ಬರ ಕಣ್ಣೂ ಚೆನ್ನಾಗಿದ್ದರೂ ರೋಗ ಇರಬಹುದೆಂದು ಸುಕನ್ಯಾ ಹೇಳುತ್ತಲೇ ಇದ್ದಳು. ಕೇಳುವವರು ಯಾರು?

ಅಡುಗೆಮನೆಯಲ್ಲಿ ಅವ್ವನೊಬ್ಬಳೇ ಇದ್ದಾಗ ಮತ್ತೆ ಹೇಳಿದಳು. ಕೊಟ್ರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಮಗಳ ಕಡೆ ತಿರುಗದೆ ಅಂದಳು: "ನಿನಗ ದಕ್ಕಲಿಲ್ಲ ಅಂತ ಆಕಿಗೂ ದಕ್ಕಬಾರ್ದೇನು?"

ಹೆತ್ತ ತಾಯಿ ಆಡಿದ ಮಾತು. ಸುಕನ್ಯಾ ಗೋಡೆ ಹಿಡಿದು ಪಡಸಾಲೆಗೆ ಬಂದು ಕುಚ್ಚಿನ ಸೀರೆ ತೊಡೆಯ ಮೇಲೆ ಹಾಕಿಕೊಂಡು ಕೂತಳು. ಮಾತು ಸುಳ್ಳಾಗಿದ್ದರೆ ಅಷ್ಟು ಸುಡುತ್ತಿರಲಿಲ್ಲ. ಶಿವಶಂಕರ ಜೋಳದ ಕೋಣೆಯಿಂದ ಭಾಗ್ಯಳ ಹಿಂದೆ ನಗುತ್ತ ಬಂದಾಗ ತನ್ನ ಎದೆಯಲ್ಲಿ ಏನೋ ಹರಿದದ್ದು ಅವಳಿಗೆ ಗೊತ್ತಿತ್ತು. ಹಾಗಾದರೆ ತಾನು ಹೇಳುತ್ತಿರುವುದು ಡಾಕ್ಟರ ಮಾತೋ, ಹೊಟ್ಟೆಕಿಚ್ಚಿನ ಮಾತೋ? ಎಷ್ಟು ಯೋಚಿಸಿದರೂ ಅದು ಬಗೆಹರಿಯಲಿಲ್ಲ.

ಅದೇ ವಾರ ಭಾಗ್ಯ ಬಂದು ಅವಳ ಪಕ್ಕದಲ್ಲಿ ಕೂತು, ನೂಲಿನ ಉಂಡೆ ಕೈಗೆತ್ತಿಕೊಂಡು ಸುತ್ತುತ್ತ ಸುತ್ತುತ್ತ ಹೇಳಿದಳು. "ಅಕ್ಕಾ, ಅವರೆಲ್ಲ ಏನರ ಅನ್ಲಿ. ನೀನು ಬ್ಯಾಡ ಅಂದ್ರ ನಾನು ಒಲ್ಲೆ ಅಂತೀನಿ. ನೀನು ಏನಂತಿ, ಒಂದ್ಮಾತು ಹೇಳು."

ಒಂದೇ ಮಾತು ಸಾಕಿತ್ತು. ಭಾಗ್ಯ ಮಾತಿಗೆ ತಪ್ಪುವವಳಲ್ಲ. ಬೇಡ ಎಂದಿದ್ದರೆ ಬೇಡವೇ. ಆದರೆ ತಂಗಿಯ ದನಿಯಲ್ಲಿ ಆಸೆ ಇತ್ತು, ಅದನ್ನು ಕೇಳಲು ಕಣ್ಣು ಬೇಕಿರಲಿಲ್ಲ. ಅವ್ವನ ಮಾತು ಇನ್ನೂ ಕಿವಿಯಲ್ಲಿತ್ತು. ಸುಕನ್ಯಾ ಗಂಟು ಬಿಗಿಯುತ್ತ, "ಮಾಡ್ಕೋ ತಂಗಿ. ಮಾವ ಒಳ್ಳೇವ" ಎಂದಳು.

ಮದುವೆಯಾಯಿತು. ಭಾಗ್ಯಳ ಧಾರೆ ಸೀರೆಗೆ ಕುಚ್ಚು ಹಾಕಿದವಳೂ ಇವಳೇ. ಹೂವಿನಹಡಗಲಿಯಿಂದ ತರಿಸಿದ ಮಲ್ಲಿಗೆಯ ದಂಡೆಗಳ ವಾಸನೆ ಮನೆಯಿಂದ ಹೋಗಲು ವಾರ ಬೇಕಾಯಿತು. ಮನೆ ಖಾಲಿಯಾದ ಮೇಲೆ ಸುಕನ್ಯಾ ಪೆನ್‌ಡ್ರೈವ್ ಹುಡುಕಿ ತೆಗೆದಳು.

ಎರಡನೆಯ ಭಾಗದಲ್ಲಿ ಆ ಅಪ್ಪ ಊರಿಗೆ ಬಂದ ಕತೆ. ಮೊದಲ ಭಾಗದಲ್ಲಿ ಹೆಪ್ಪುಗಟ್ಟಿದ್ದ ತಟ್ಟೆಗಳಲ್ಲಿ ಈಗ ಅನ್ನ ಬಿಸಿಯಾಗಿರುತ್ತದೆ, ತೊಟ್ಟಿಲಲ್ಲಿ ಮಗು ಇರುತ್ತದೆ. ಇವರೆಲ್ಲ ಏನಾಗುತ್ತಾರೆಂದು ಆಡುವವರಿಗೆ ಮೊದಲೇ ಗೊತ್ತು, ಅವರಿಗೆ ಗೊತ್ತಿಲ್ಲ. ಹೇಳಲು ದಾರಿಯೂ ಇಲ್ಲ; ಆಟದಲ್ಲಿ ಆ ಗುಂಡಿಯೇ ಇಟ್ಟಿಲ್ಲ. ನಗುವ ಮನೆಯೊಳಗೆ ಸುಮ್ಮನೆ ನಡೆದು ಹೋಗಬೇಕು. ಅದನ್ನು ಆಡುವಾಗ ಸುಕನ್ಯಾ ಎಷ್ಟೋ ಸಲ ಅತ್ತಳು. ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟರೂ ವರ್ಷದಿಂದ ವರ್ಷಕ್ಕೆ ಪರದೆ ಕಿರಿದಾಗುತ್ತ ಬಂತು. ನಿಂತಾಕಿ ಮತ್ತೆ ಕಾಣದಾದಳು. ಆಗ ಸುಕನ್ಯಾ ಕಿವಿಯಿಂದ ಆಡಲು ಕಲಿತಳು. ನಿಂತಾಕಿ ಇರುವ ಕಡೆ ಗಾಳಿಯಂತ್ರದ ಸದ್ದು ನಿಲ್ಲುತ್ತದೆ. ಅಲ್ಲಿ ಅವಳೂ ನಿಲ್ಲುವಳು.

ಮೂರನೆಯ ಭಾಗದ ಕೊನೆ ಮುಟ್ಟುವಾಗ ಭಾಗ್ಯ ಬಾಣಂತಿಯಾಗಿ ತವರಲ್ಲಿದ್ದಳು. ಹೆಣ್ಣುಮಗು, ಲಾಸ್ಯ ಎಂದು ಹೆಸರಿಟ್ಟಿದ್ದರು. ತಲೆಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಪರದೆಯಲ್ಲಿ ಕಾಣುವುದನ್ನೆಲ್ಲ ಭಾಗ್ಯ ಅಕ್ಕನಿಗೆ ಹೇಳುತ್ತ ಹೋದಳು. ಮೂರನೆಯದು ನಿಂತಾಕಿಯದೇ ಕತೆ. ಅವಳು ಆ ತೊಟ್ಟಿಲಿನ ಮಗುವಿನ ತಾಯಿ. ಉಪ್ಪಿನ ಹೆಪ್ಪು ಒಡೆದು ಮಗುವನ್ನು ಕಳೆದುಕೊಂಡವಳು. ಸತ್ತ ಮೇಲೆ ಅವಳು ನೆಲ ತೆಳುವಾಗಿರುವ ಕಡೆಯೆಲ್ಲ ಹೋಗಿ ನಿಲ್ಲುತ್ತಾಳೆ, ಇನ್ನೊಬ್ಬರು ಬೀಳದಿರಲೆಂದು. ಬಾಯಿಲ್ಲ, ಹೇಳಲಾರಳು. ಕಂಡವರು ದೆವ್ವವೆಂದು ಓಡುತ್ತಾರೆ. ಭಾಗ್ಯ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅಯ್ಯ ಶಿವನೇ, ನಾವು ಇಷ್ಟು ವರ್ಷ ಆಕಿಗೆ ಅಂಜಿದ್ವಲ್ಲ ಅಕ್ಕಾ" ಎಂದಳು. ನಿಂತಾಕಿಗೆ ಬಾಯಿಲ್ಲದ್ದಕ್ಕೆ ಹೇಳಲಿಲ್ಲ, ತನಗೆ ಬಾಯಿತ್ತು ಎಂದುಕೊಂಡಳು ಸುಕನ್ಯಾ. ಕೈ ಚಾಚಿ ಮಗುವಿನ ಮುಖ ಮುಟ್ಟಿದಳು, ರೆಪ್ಪೆಗಳನ್ನು ಮುಟ್ಟಿದಳು. ಮಗು ನಿದ್ದೆಯಲ್ಲಿ ಮುಖ ಕಿವಿಚಿತು.

ಅಂದಿನಿಂದ ಅವಳ ಬದುಕೆಲ್ಲ ಒಂದು ಕಾಯುವ ಕೆಲಸವಾಯಿತು. ಭಾಗ್ಯ ಹಬ್ಬಹುಣ್ಣಿಮೆಗೆ ಬಂದಾಗಲೆಲ್ಲ, ಮಗು ಸಂಜೆ ಹೊತ್ತು ಹೇಗೆ ಆಡುತ್ತದೆ, ಕತ್ತಲಲ್ಲಿ ಅಳುತ್ತದೆಯೇ ಎಂದು ಸುತ್ತುಬಳಸಿ ಕೇಳುವಳು. ಆಡುತ್ತದೆ, ಓಡುತ್ತದೆ, ದಿವ್ಯವಾಗಿದೆ ಎಂದು ಭಾಗ್ಯ ಹೇಳಿದರೆ ಒಂದೆರಡು ದಿನ ನಿದ್ದೆ ಬರುತ್ತಿತ್ತು. ಒಂದು ಸಲ ಶಿವಶಂಕರ, ಈ ಹುಡುಗಿ ಕತ್ತಲಾದರೆ ನನ್ನ ಹೆಗಲಿಂದ ಇಳಿಯುವುದೇ ಇಲ್ಲ, ಬಲು ಅಂಜುಬುರುಕಿ ಎಂದು ಮುದ್ದು ಮಾಡುತ್ತ ಹೇಳಿದ. ಎಲ್ಲರೂ ನಕ್ಕರು. ಎಲ್ಲ ಮಕ್ಕಳೂ ಅಂಜುತ್ತವೆ ಎಂದು ಸುಕನ್ಯಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಇದ್ದಳು.

ಈ ವರ್ಷ ಪಂಚಮಿಗೆ ಭಾಗ್ಯ ಮಗಳನ್ನು ಕರೆದುಕೊಂಡು ತವರಿಗೆ ಬಂದಳು. ಲಾಸ್ಯಗೆ ಈಗ ನಾಲ್ಕು ವರ್ಷ, ಬಾಯಿ ಜೋರಿನ ಹುಡುಗಿ. ಜೋಕಾಲಿ ಆಡಿ ದಣಿದು, ಮಧ್ಯಾಹ್ನ ಉಂಡ ಮೇಲೆ ದೊಡ್ಡವ್ವನ ಕೋಣೆಗೆ ಬಂದು ತೊಡೆಯೇರಿ ಕೂತಿತು. ಉಪ್ಪಿನೂರು ನೋಡಬೇಕಂತೆ. ದೆವ್ವದ ಆಟ, ಮಕ್ಕಳಿಗಲ್ಲ ಎಂದರೆ ಕೇಳುವ ಗಿರಾಕಿಯೇ ಅಲ್ಲ. ಬಿಸಿಲಿನ ಬಯಲು ಇರುವ ಭಾಗವನ್ನಷ್ಟೇ ತೋರಿಸೋಣವೆಂದು ಸುಕನ್ಯಾ ಮೊದಲ ಭಾಗವನ್ನೇ ಹಾಕಿದಳು. ಬೆಳಿಗ್ಗೆ ಭಾಗ್ಯ ಅದೇ ಕಂಪ್ಯೂಟರಿನಲ್ಲಿ ಏನೋ ನೋಡಿ, ಕಣ್ಣಿಗೆ ಚುಚ್ಚುತ್ತದೆಂದು ಬ್ರೈಟ್‌ನೆಸ್ ಮೊದಲಿನಂತೆ ಇಳಿಸಿದ್ದಳು.

ಲಾಸ್ಯ ಅವಳಿಗೆ ಕಣ್ಣಾಯಿತು. "ದೊಡ್ಡವ್ವ, ಬಲಕ್ಕ ಬಾಗ್ಲ ಐತಿ. ಅಲ್ಲೊಂದು ಹಕ್ಕಿ ಐತಿ. ತಟ್ಟಿ ಅದಾವ." ಒಂದೂ ತಪ್ಪಿಲ್ಲ. ಎಷ್ಟು ಚೂಟಿ ಕಣ್ಣು! ಸುಕನ್ಯಾಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆ ಖುಷಿಯಲ್ಲಿ ಬಯಲು ದಾಟಿದ್ದೂ ಅವಳಿಗೆ ತಿಳಿಯಲಿಲ್ಲ. ಓಣಿ ಬಂತು. ಕಾಲ ಕೆಳಗೆ ಉಪ್ಪು ಕರಕರ ಎಂದಿತು. ಸ್ವಲ್ಪ ಮುಂದೆ ಹೋದ ಮೇಲೆ ಗಾಳಿಯಂತ್ರದ ಸದ್ದು ನಿಂತಿತು.

ಸುಕನ್ಯಾಳ ಕೈಯೂ ನಿಂತಿತು. ತೊಡೆಯ ಮೇಲಿನ ಮಗು ಹೆದರಲಿಲ್ಲ, ಮಿಸುಕಲಿಲ್ಲ.

"ಲಾಸ್ಯ, ಓಣಿ ಕಡೀಗೆ ಯಾರರ ಅದಾರೇನವ್ವಾ?"

"ಯಾರಿಲ್ಲ. ಕರ್ರಗೈತಿ."

ತಾನು ಜಾಗ ತಪ್ಪಿರಬಹುದು, ಇನ್ನೂ ನಿಂತಾಕಿ ಬಂದಿರಲಿಕ್ಕಿಲ್ಲ. ಬಾಗಿಲಲ್ಲಿ ಬಳೆ ಸದ್ದಾಯಿತು. ಭಾಗ್ಯ ಪಂಚಮಿ ಉಂಡಿಯ ತಟ್ಟೆ ಹಿಡಿದು ಬಂದಿದ್ದಳು. ಒಳಗೆ ಬರದೆ ಅಲ್ಲೇ ನಿಂತಳು. ಸುಕನ್ಯಾ ತಂಗಿಯ ಕಡೆ ತಿರುಗದೆ ಕೇಳಿದಳು. "ಭಾಗ್ಯ, ಆಕಿ ನಿಂತಾಳೇನು?"

ಬಳೆ ಸದ್ದು ಒಂದು ಹೆಜ್ಜೆ ಹತ್ತಿರ ಬಂತು.

"ನಿಂತಾಳಕ್ಕ. ನಡುವ ನಿಂತಾಳ."

ಸುಕನ್ಯಾ ತಡಕಾಡಿ ಬ್ರೈಟ್‌ನೆಸ್ ಒಂದು ಗೆರೆ ಏರಿಸಿ, ಈಗ ಎಂದು ಮಗುವನ್ನು ಕೇಳಿದಳು. ಇಲ್ಲ ಎಂದಿತು. ಇನ್ನೊಂದು ಗೆರೆ. ಇಲ್ಲ. ತನ್ನ ದನಿ ಅಂದು ಶಿವಶಂಕರನ ದನಿ ಇದ್ದ ಹಾಗೇ ಸಣ್ಣಗಾಗುತ್ತಿರುವುದು ಅವಳಿಗೇ ಕೇಳಿಸಿತು. ಪೂರ್ತಿ ಏರಿಸಿದಾಗ ಲಾಸ್ಯ ಚಪ್ಪಾಳೆ ತಟ್ಟಿ, "ಹಾಂ, ಅಲ್ಲಿ ಅದಾಳ!" ಎಂದಿತು.

ಭಾಗ್ಯ ಏನೂ ಕೇಳಬೇಕಾಗಿರಲಿಲ್ಲ. ಅಂದು ಈ ಕೋಣೆಯಲ್ಲಿ ಅವಳೂ ಇದ್ದವಳು. ತಟ್ಟೆಯನ್ನು ಎಲ್ಲಿಯೋ ಇಟ್ಟ ಸದ್ದಾಯಿತು. ಅವಳು ಅಕ್ಕನನ್ನು ಬಯ್ಯಲಿಲ್ಲ, ಯಾಕೆ ಹೇಳಲಿಲ್ಲ ಎನ್ನಲಿಲ್ಲ. ಬಂದು ಪಕ್ಕದಲ್ಲಿ ಕುಸಿದು ಕೂತು, ಗುರುತೇ ಸಿಗದ ದನಿಯಲ್ಲಿ, "ಇನ್ನೊಂದ್ಸಲ ಕೇಳಕ್ಕಾ. ಸಣ್ಣ ಹುಡುಗಿ, ಸರಿಯಾಗಿ ನೋಡಿರಂಗಿಲ್ಲ. ಇನ್ನೊಂದ್ಸಲ ಕೇಳು" ಎಂದಳು.

ಸುಕನ್ಯಾ ಬೆಳಕನ್ನು ಮತ್ತೆ ಮೊದಲಿನಷ್ಟಕ್ಕೆ ಇಳಿಸಿದಳು. ಭಾಗ್ಯಳ ಕೈ ಅವಳ ಮೊಣಕೈಯನ್ನು ಉಗುರು ಊರುವಷ್ಟು ಹಿಡಿದಿತ್ತು. ಗಾಳಿಯಿಲ್ಲದ ಆ ಓಣಿಯಲ್ಲಿ ಹುಡುಗಿ ಲಾಟೀನು ಹಿಡಿದು ನಿಂತೇ ಇದ್ದಳು. ಇಬ್ಬರೂ ಸುಮ್ಮನಿರುವುದನ್ನು ಕಂಡು ಲಾಸ್ಯಗೆ ಬೇಸರ ಬಂತು. ಪುಟ್ಟ ಕೈಯಿಂದ ದೊಡ್ಡವ್ವನ ಬೆರಳನ್ನು ಗುಂಡಿಯ ಮೇಲೆ ಒತ್ತುತ್ತ ಹೇಳಿತು:

"ಮುಂದ ಹೋಗು ದೊಡ್ಡವ್ವ. ಅಲ್ಲೇನಿಲ್ಲ."